ಹಾಯಿಲಿನ ಬಾವಿ ಮತ್ತು ಉಮ್ಮನ ಹೆಸರು

ಮೊನ್ನೆ ಏಪ್ರಿಲ್ ಕೊನೆಗೆ ಪಾಣೆಮಂಗಳೂರಿನ ನಮ್ಮ ಮನೆಯ ಬಾವಿಯ ಕೆಸರು ತೆಗೆಸಿದೆವು. ಬುಟ್ಟಿಯಲ್ಲಿ ಮೇಲೆ ಬಂದ ಕಪ್ಪು ಕೆಸರನ್ನು ತೆಂಗಿನ ಬುಡಕ್ಕೆ ಸುರಿಯುತ್ತಿದ್ದಂತೆ ಅಂಗಳದ ತುಂಬ ಅದರ ವಾಸನೆ ಎದ್ದಿತು. ತಣ್ಣಗಿನ, ತುಸು ಕಬ್ಬಿಣದ ಹಾಗಿನ ವಾಸನೆ. ನಾನು ಕೈಯಲ್ಲಿದ್ದ ಚಹಾವನ್ನು ಹಾಗೆಯೇ ಹಿಡಿದು ನಿಂತುಬಿಟ್ಟೆ. ಇದೇ ವಾಸನೆಯನ್ನು ಇಲ್ಲಿಂದ ಸಮುದ್ರ ದಾಟಿ, ಮರಳು ದಾಟಿ, ಸೌದಿಯ ಹಾಯಿಲಿನ ಒಂದು ಹಳೆಯ ಬಾವಿಯ ಕಟ್ಟೆಯಲ್ಲಿ ಬಾಗಿ ನಿಂತು ಮೂಗಿಗೆ ತುಂಬಿಕೊಂಡದ್ದಿತ್ತು. ಅದು ಎರಡು ಸಾವಿರದ ಹದಿಮೂರರ ಚಳಿಗಾಲ.

ಆಗ ನಾನು ಹಾಯಿಲಿನ ಒಂದು ಕೃಷಿ ಕಂಪೆನಿಯಲ್ಲಿ ಪಂಪುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಸೌದಿ ಅಂದರೆ ಬರೀ ಸೆಕೆ ಎಂದುಕೊಂಡು ಊರಿನಿಂದ ಬನಿಯನುಗಳನ್ನೇ ಹೊತ್ತುಕೊಂಡು ಹೋದವನು ನಾನು. ಕರಾವಳಿಯ ನಮಗೆ ಸ್ವೆಟರ್ ಅಂದರೆ ಊಟಿಗೆ ಟೂರ್ ಹೋಗುವಾಗ ನೆರೆಮನೆಯಿಂದ ಕೇಳಿ ತರುವ ಬಟ್ಟೆ. ಹಾಯಿಲಿನಲ್ಲಿ ಡಿಸೆಂಬರಿನ ಬೆಳಿಗ್ಗೆ ಪೈಪಿನ ನೀರು ಹೆಪ್ಪುಗಟ್ಟಿ ನಲ್ಲಿ ತಿರುಗಿಸಿದರೆ ಬರೀ ಗಾಳಿ ಬರುತ್ತಿತ್ತು. ನನ್ನ ರೂಮಿನಲ್ಲಿದ್ದ ಮೈಸೂರಿನ ಶ್ರೀಕಂಠ, ನಮ್ಮ ಕಂಪೆನಿಯ ಅಕೌಂಟೆಂಟ್, ಮಂಕಿ ಕ್ಯಾಪ್ ಹಾಕಿಕೊಂಡು ಸ್ಟವ್ ಮುಂದೆ ಕೂತು, "ಇದಕ್ಕಿಂತ ಚಾಮುಂಡಿಬೆಟ್ಟದ ಚಳಿಯೇ ಪರವಾಗಿರಲಿಲ್ಲ ಕಣಯ್ಯ" ಎಂದು ದಿನಾ ಗೊಣಗುತ್ತಿದ್ದ.

ನಾನು ಹಾಯಿಲಿಗೇ ಹೋದದ್ದು ಉಮ್ಮನಿಂದಾಗಿ. ಏಜೆಂಟ್ ಎರಡು ಊರಿನ ಕೆಲಸ ಹೇಳಿದ್ದ, ಇನ್ನೊಂದರಲ್ಲಿ ಸಂಬಳವೂ ಹೆಚ್ಚಿತ್ತು. ಆದರೆ ಹಾಯಿಲ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಉಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. "ಮೋನೇ, ನೀನು ಅಲ್ಲಿಗೆ ಹೋಗು" ಅಂದರು. ಉಮ್ಮ ಮಾತಾಡುವುದೆಲ್ಲ ಬ್ಯಾರಿಯಲ್ಲಿ, ನಾನಿಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅಮ್ಮನಿಗೆ ಉಮ್ಮ, ಅಪ್ಪನಿಗೆ ಉಪ್ಪ, ಮಗನಿಗೆ ಮೋನೇ ಎನ್ನುವುದನ್ನು ಮಾತ್ರ ಹಾಗೆಯೇ ಇಟ್ಟಿದ್ದೇನೆ.

ಉಮ್ಮನ ಅಪ್ಪ, ಎಂದರೆ ನನ್ನ ಅಜ್ಜ ಹಸನಬ್ಬ, ಬಾವಿ ತೋಡಿ ಕಲ್ಲು ಕಟ್ಟುವ ಮೇಸ್ತ್ರಿ. ಉಮ್ಮ ಇನ್ನೂ ಸಣ್ಣ ಹುಡುಗಿಯಾಗಿದ್ದಾಗ ಅವರು ಬೊಂಬಾಯಿಯಿಂದ ಹಡಗು ಹತ್ತಿ ಹಜ್ಜಿಗೆ ಹೋದರು. ಜೊತೆಗೆ ಹೋದ ಊರಿನವರೊಬ್ಬರು ವಾಪಸು ಬಂದು ಹೇಳಿದ್ದು ಇಷ್ಟು: ಮಕ್ಕಾದಲ್ಲಿ ಹಾಯಿಲ್ ಕಡೆಯ ಅರಬರು ಸಿಕ್ಕಿದರು, ಬಾವಿ ಕೆಲಸ ಬಲ್ಲವರು ಬೇಕೆಂದರು, ಹಸನಬ್ಬ ಅವರ ಜೊತೆ ಹೋದ, ಮುಂದಿನ ಹಡಗಿಗೆ ಬರುತ್ತೇನೆ ಅಂದಿದ್ದಾನೆ. ಮುಂದಿನ ಹಡಗು ಬಂತು, ಅದರ ಮುಂದಿನದೂ ಬಂತು. ಹಸನಬ್ಬ ಬರಲಿಲ್ಲ.

ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಹಸನಬ್ಬ ಅಲ್ಲಿ ಅರಬಿ ಹೆಣ್ಣನ್ನು ಮದುವೆಯಾದನಂತೆ ಎಂದು ಯಾರೋ ಒಬ್ಬರು ಅಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ಆ ಹೆಂಡತಿಗೆ ಎರಡು ಮಕ್ಕಳೂ ಹುಟ್ಟಿದವು, ಒಬ್ಬನಿಗೆ ಸುನ್ನತಿಯೂ ಆಯಿತು, ಎಲ್ಲ ಪಾಣೆಮಂಗಳೂರಿನ ಜಗಲಿಗಳಲ್ಲಿ! ಅಜ್ಜಿ ಗಂಡ ಸತ್ತವಳಂತೆ ಇದ್ದತ್ತಿನ ಶೋಕಕ್ಕೆ ಕೂರಲೂ ಇಲ್ಲ, ಗಂಡ ಇದ್ದವಳಂತೆ ಬದುಕಲೂ ಇಲ್ಲ. ಹಾಗೆಯೇ ತೀರಿಹೋದರು. ಉಮ್ಮ ಮಾತ್ರ 'ಅಪ್ಪ ಬಿಟ್ಟುಹೋದ ಮಗಳು' ಆಗಿ ಉಳಿದರು. ಅವರ ಮದುವೆಯ ಮಾತುಕತೆಯಲ್ಲೂ ಅದೊಂದು ಕೊಂಕು ಬಂದೇ ಬಂದಿತ್ತಂತೆ.

ಆದರೆ ಉಮ್ಮನಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ದುಆ ಮಾಡುವಾಗ ನಾವು ಬದುಕಿರುವವರಿಗೆ ಆಯುಷ್ಯ, ಆರೋಗ್ಯ ಕೇಳುತ್ತೇವೆ. ಸತ್ತವರಿಗೆ ಪಾಪದ ಕ್ಷಮೆ ಕೇಳುತ್ತೇವೆ, ಕಬರು ವಿಶಾಲವಾಗಲಿ ಎಂದು ಕೇಳುತ್ತೇವೆ. ಅಪ್ಪನನ್ನು ಯಾವ ದುಆಕ್ಕೆ ಸೇರಿಸುವುದೆಂದು ಗೊತ್ತಾಗದೆ ಉಮ್ಮ ಪ್ರತಿಸಲವೂ ಅಲ್ಲಿಗೆ ಬಂದು ತಡವರಿಸುತ್ತಿದ್ದರು.

"ಈಗ ಬದುಕಿದ್ದರೂ ಅಜ್ಜನಿಗೆ ತೊಂಬತ್ತು ದಾಟಿರ್ಬೇಕು ಉಮ್ಮಾ. ಸತ್ತವರ ದುಆದಲ್ಲೇ ಸೇರಿಸಿ" ಎಂದು ನಾನೊಮ್ಮೆ ಹೇಳಿದ್ದೆ.

"ಎಂತ ಮಾತಾಡ್ತಿ ನೀನು? ಸತ್ತದ್ದು ಗೊತ್ತಿಲ್ಲದೆ ನನ್ನ ಉಪ್ಪನನ್ನು ನನ್ನ ಬಾಯಿಂದಲೇ ಕೊಲ್ಲಲಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಅಪ್ಪನ ಬಗ್ಗೆ ಉಮ್ಮನಿಗೆ ಇದ್ದದ್ದು ಒಂದೇ ನೆನಪು. ಮಗಳನ್ನು ಅವರು ಬಾವಿಯ ಹತ್ತಿರ ಬರಗೊಡುತ್ತಿರಲಿಲ್ಲ. ಕೆಲಸ ಮುಗಿಸಿ, ಗೋಡೆಯ ಗೂಡುಗಳಲ್ಲಿ ಕಾಲಿಟ್ಟು ಹತ್ತಿ, ತಲೆ ಕಟ್ಟೆಯ ಮೇಲೆ ಬಂತೋ ಇಲ್ಲವೋ ಮಗಳ ಹೆಸರು ಹಿಡಿದು ಕೂಗುತ್ತಿದ್ದರಂತೆ. ಮೇಸ್ತ್ರಿ ಜೀವಸಹಿತ ಮೇಲೆ ಬಂದ ಎಂದು ಮನೆಯವರಿಗೆ ಗೊತ್ತಾಗುವುದು ಆ ಕೂಗಿನಿಂದಲೇ. ಉಮ್ಮ ಚೆಂಬಿನಲ್ಲಿ ನೀರು ಹಿಡಿದು ಓಡುತ್ತಿದ್ದರು.

ಹಾಯಿಲ್ ಎಂದರೆ ಒಂದು ಊರು ಮಾತ್ರ ಅಲ್ಲ, ಒಂದು ಸೀಮೆ. ಮೊದಲ ವರ್ಷ ಸಿಕ್ಕಿದ ಮುದುಕರನ್ನೆಲ್ಲ ಕೇಳಿದೆ. "ಹಸನ್ ಎಂಬ ಹಿಂದಿ ಗೊತ್ತಾ?" ಎಂದರೆ ಅವರು ನಗುತ್ತಿದ್ದರು. ಹಿಂದಿ ಎಂದರೆ ಅಲ್ಲಿ ಹಿಂದೂಸ್ಥಾನದವನು. ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು 'ಶೆಟ್ಟರು ಯಾರು' ಎಂದು ಕೇಳಿದ ಹಾಗೆ. ಆಮೇಲೆ ಕೇಳುವುದನ್ನೇ ಬಿಟ್ಟೆ. ಉಮ್ಮ ಮಾತ್ರ ಫೋನಿನ ಕೊನೆಗೆ "ಬೇರೆ ಎಂತ?" ಎನ್ನುವುದನ್ನು ಬಿಡಲಿಲ್ಲ. ಆ 'ಬೇರೆ ಎಂತ'ದ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು.

ಹದಿಮೂರರ ಆ ಚಳಿಗಾಲದ ಶುರುವಿಗೆ ಅಬೂ ಫಹದ್ ಎಂಬ ಹಿರಿಯರ ತೋಟದ ಪಂಪು ಕೆಟ್ಟಿತು. ಊರಿನಿಂದ ದೂರ, ಕಪ್ಪು ಗುಡ್ಡಗಳ ಬುಡದಲ್ಲಿ ಖರ್ಜೂರದ ತೋಟ. ಅಬೂ ಫಹದ್ ಎಂಬತ್ತರ ಆಸುಪಾಸಿನವರು, ತೆಳ್ಳಗೆ, ಕಂಬಳಿಯಂಥ ದಪ್ಪ ನಿಲುವಂಗಿ ತೊಟ್ಟು ಕೋಲೂರಿ ನಡೆಯುತ್ತಿದ್ದರು. ಮೋಟಾರು ಎತ್ತುವ ಕೆಲಸ ಮುಗಿಸಿ ಕೈ ತೊಳೆಯಲು ಹೋದಾಗ ಬದಿಯಲ್ಲೊಂದು ಹಳೆಯ ಬಾವಿ ಕಂಡಿತು. ಸುಮ್ಮನೆ ಬಗ್ಗಿ ನೋಡಿದೆ. ತಳದಲ್ಲಿ ತುಸು ನೀರು, ಕೆಸರು, ಅದರ ವಾಸನೆ. ಕಲ್ಲಿನ ಗೋಡೆಯಲ್ಲಿ ಒಂದು ಎಡಕ್ಕೆ, ಒಂದು ಬಲಕ್ಕೆ, ಕಾಲಿನ ಬೆರಳು ಹಿಡಿಯುವಷ್ಟು ಗೂಡುಗಳು ತಳದ ತನಕ ಇಳಿದಿದ್ದವು.

ಆ ಸೀಮೆಯಲ್ಲಿ ನಾನು ನೋಡಿದ ಹಳೆಯ ಬಾವಿಗಳಿಗೆಲ್ಲ ಹಗ್ಗ ಕಟ್ಟಿಕೊಂಡೇ ಇಳಿಯಬೇಕು. ಇದು ನಮ್ಮ ಬಾವಿಯ ಗೋಡೆ.

"ಇದನ್ನು ಕಟ್ಟಿದ್ದು ಯಾರು?" ಎಂದು ಕೇಳಿದೆ.

"ಒಬ್ಬ ಹಿಂದಿ. ಹಜ್ಜಿಗೆ ಬಂದವನು. ಹಸನ್ ಅಂತ. ಒಳ್ಳೆಯ ಮನುಷ್ಯ, ಅಲ್ಲಾಹು ಅವನಿಗೆ ಕರುಣೆ ತೋರಲಿ. ಇಲ್ಲೇ ತೀರಿಹೋದ" ಎಂದರು ಅಬೂ ಫಹದ್. ನನ್ನ ಮುಖ ನೋಡಿ, "ನಿನಗೆ ಅವನು ಗೊತ್ತಾ?" ಎಂದರು.

"ನನ್ನ ಉಮ್ಮನ ಅಪ್ಪನ ಹೆಸರೂ ಹಸನ್" ಎಂದೆ. ಅವರು ಏನೋ ಕೇಳಲು ಬಾಯಿ ತೆರೆದರು, ಕೇಳಲಿಲ್ಲ. "ಹಸನ್ ಬಹಳ ಜನ ಇದ್ದಾರೆ" ಎಂದಷ್ಟೇ ಹೇಳಿ ಗಾಹ್ವ, ಅರಬಿ ಕಾಫಿ, ಬಗ್ಗಿಸಿ ಕೊಟ್ಟರು.

ರೂಮಿಗೆ ಬಂದು ಶ್ರೀಕಂಠನಿಗೆ ಹೇಳಿದೆ. ಉಮ್ಮನಿಗೆ ಈಗಲೇ ಫೋನ್ ಮಾಡಲಾ, ಬೇಡವಾ ಎಂದು ಕೇಳಿದೆ.

"ಬೇಡ ಇಸ್ಮಾಯಿಲ್, ಸ್ವಲ್ಪ ತಡಿ" ಎಂದ. "ನಮ್ಮಲ್ಲಿ ತರ್ಪಣ ಬಿಡೋವಾಗ ಮೂರು ತಲೆಮಾರಿನ ಹೆಸರು ಹಿಡಿದು ಹೇಳ್ತೀವಿ. ಇನ್ಯಾರದೋ ಅಪ್ಪಂದಿರ ಹೆಸರು ಹೇಳಿದ್ರೆ ಆ ನೀರು ಯಾರಿಗಯ್ಯ ಹೋಗತ್ತೆ? ಗಟ್ಟಿ ಮಾಡ್ಕೊ ಮೊದ್ಲು."

ಅವನ ಮಾತು ಸರಿಯೇ ಇತ್ತು. ಕೇರಳದ ಹಸನ್, ಗುಜರಾತಿನ ಹಸನ್, ಯಾರೂ ಆಗಿರಬಹುದು. ಕಾಲಿಡುವ ಗೂಡು ಇಟ್ಟು ಬಾವಿ ಕಟ್ಟುವವರು ನಮ್ಮೂರಲ್ಲಿ ಮಾತ್ರವೇ ಇದ್ದಾರೆಯೇ? ತಪ್ಪು ಮನುಷ್ಯನನ್ನು ಅಪ್ಪನೆಂದು ಹೇಳಿ ಉಮ್ಮನಿಂದ ದುಆ ಮಾಡಿಸಿದರೆ, ನಾಳೆ ಅದು ಸುಳ್ಳೆಂದು ತಿಳಿದರೆ ಅವರು ತಡೆದುಕೊಳ್ಳಲಾರರು.

ಆ ಹೊತ್ತಿಗೆ ನಮ್ಮ ನೀರಾವರಿ ಎಂಜಿನಿಯರ್ ಇಯಾನ್ ರಜೆ ಮುಗಿಸಿ ಬಂದ. ಇಯಾನ್ ಸ್ಕಾಟ್ಲೆಂಡಿನವನು. ನಾವೆಲ್ಲ ರಜೆಗೆ ಊರಿಗೆ ಹೋದರೆ ಮದುವೆ ಮನೆ, ಆಸ್ಪತ್ರೆ, ರಿಜಿಸ್ಟ್ರಾರ್ ಕಚೇರಿ ಸುತ್ತಿ ಬರುತ್ತೇವೆ. ಅವನು ಸುತ್ತುವುದು ಸ್ಮಶಾನ. ಹಳೆಯ ಇಗರ್ಜಿಗಳ ಹಿಂದಿನ ಗೋರಿಗಳಲ್ಲಿ ತನ್ನ ಹಿರಿಯರನ್ನು ಹುಡುಕುವುದೇ ಅವನ ಹುಚ್ಚು. ಓರೆಯಾಗಿ ನಿಂತ ಕಲ್ಲುಗಳು, ಅವುಗಳ ಮೇಲೆ ಪಾಚಿ, ಪಾಚಿಯನ್ನು ಮೃದುವಾದ ಬ್ರಷ್ಷಿನಿಂದ ಉಜ್ಜಿದ ಮೇಲೆ ಕಂಡ ಅಕ್ಷರ, ಹೀಗೆ ಫೋನಿನ ತುಂಬ ಫೋಟೋ. ಮಳೆಯಲ್ಲಿ ಮಂಡಿಯೂರಿ ಕೂತು ಮುತ್ತಜ್ಜನ ಕಲ್ಲು ತೊಳೆಯುತ್ತಿರುವ ತನ್ನದೇ ಫೋಟೋ ತೋರಿಸಿ ಮದುಮಗನ ಹಾಗೆ ನಾಚಿದ.

ನಾನು ನನ್ನ ಅಜ್ಜನ ವಿಷಯ ಹೇಳಿದೆ. ಹೇಳಿದ್ದೇ ತಪ್ಪಾಯಿತು. ಶುಕ್ರವಾರ ಬೆಳಿಗ್ಗೆ ಬ್ರಷ್, ನೀರಿನ ಬಾಟಲಿ, ಟಾರ್ಚು ಸಮೇತ ಹೊರಟು ನಿಂತ. ಅಬೂ ಫಹದರ ಹಳ್ಳಿಯ ಕಬರಸ್ತಾನದ ಗೋಡೆಯ ಹೊರಗೆ ಅವನು ನಿಂತ, ನಾನು ಒಳಗೆ ಹೋಗಿ ಸಲಾಂ ಹೇಳಿದೆ. ಕಂದು ಮಣ್ಣಿನ ಸಣ್ಣ ದಿಬ್ಬಗಳು, ತಲೆಗೊಂದು ಕಲ್ಲು, ಕಾಲಿಗೊಂದು ಕಲ್ಲು. ಒಂದರ ಮೇಲೂ ಒಂದಕ್ಷರವಿಲ್ಲ. ಅಲ್ಲಿನವರು ರಾಜನಿಗೂ ಹಾಗೆಯೇ ಮಾಡುತ್ತಾರೆ, ಕೂಲಿಯವನಿಗೂ ಹಾಗೆಯೇ ಮಾಡುತ್ತಾರೆ. ನಮ್ಮ ಊರಿನ ಪಳ್ಳಿ, ಎಂದರೆ ಮಸೀದಿಯ ಹಿಂದೆ, ಕಬರಿಗೆ ನೆಟ್ಟ ಮೀಸಾನ್ ಕಲ್ಲುಗಳಲ್ಲಿ ಕೆಲವಕ್ಕಾದರೂ ಹೆಸರಿರುತ್ತದೆ. ಗೋಡೆಯ ಮೇಲಿಂದ ಇಣುಕಿದ ಇಯಾನ್ "ಹೆಸರುಗಳೆಲ್ಲಿ?" ಎಂದು ಕೇಳಿದ. ಇಲ್ಲ ಎಂದೆ. ಪಾಪ, ಉಜ್ಜಲು ತಂದ ಬ್ರಷ್ ಚೀಲದಲ್ಲೇ ಉಳಿಯಿತು.

ವಾಪಸು ಬರುವಾಗ ಕಾರಿನಲ್ಲಿ ಅವನು, "ನಿಮ್ಮ ಅಜ್ಜನ ಮನೆಯ ಹೆಂಗಸರ ಹೆಸರೇನು?" ಎಂದು ಕೇಳಿದ.

"ಅದೆಂತಕ್ಕೆ?"

"ನಮ್ಮ ಕಡೆ ಗಂಡಸರೆಲ್ಲ ಜಾನ್, ಇಲ್ಲವೇ ಜೇಮ್ಸ್. ಗಂಡಸರ ಹೆಸರು ಹಿಡಿದು ಹೊರಟರೆ ಊರೆಲ್ಲ ನನ್ನ ಅಜ್ಜಂದಿರೇ. ಆದರೆ ನಮ್ಮ ಗೋರಿಕಲ್ಲುಗಳಲ್ಲಿ ಹೆಂಡತಿಯ ಹೆಸರನ್ನು ಅವಳ ತವರಿನ ಹೆಸರಿನ ಸಮೇತ ಕೆತ್ತುತ್ತಾರೆ. ನಾನು ಮೊದಲು ಹೆಂಗಸನ್ನು ಹುಡುಕುತ್ತೇನೆ. ಅವಳು ಸಿಕ್ಕಿದರೆ ಸರಿಯಾದ ಜಾನ್ ಪಕ್ಕದಲ್ಲೇ ಇರುತ್ತಾನೆ."

ನನಗೆ ತಲೆಗೆ ಯಾರೋ ಕುಟ್ಟಿದ ಹಾಗಾಯಿತು. ಹಾಯಿಲಿನ ಎಷ್ಟೋ ಮುದುಕರ ಮುಂದೆ ಅಜ್ಜನ ಹೆಸರು ಹೇಳಿದ್ದೇನೆ, ಊರು ಹೇಳಿದ್ದೇನೆ, ಕೆಲಸ ಹೇಳಿದ್ದೇನೆ. ಉಮ್ಮನ ಹೆಸರನ್ನು ಒಮ್ಮೆಯೂ ಹೇಳಿರಲಿಲ್ಲ. ಆ ಸೀಮೆಯಲ್ಲಿ ಗಂಡಸರು ಹೊರಗಿನವರ ಎದುರು ಮನೆಯ ಹೆಂಗಸರ ಹೆಸರೆತ್ತುವುದಿಲ್ಲ. ಕೇಳುವುದೂ ಇಲ್ಲ. ಬಂದ ಹೊಸತರಲ್ಲಿ ಒಬ್ಬರೊಡನೆ ಹೆಂಡತಿಯ ಹೆಸರು ಹೇಳಿ, ಅವರು ನೆಲ ನೋಡಿದ್ದನ್ನು ಕಂಡು ನಾನು ಪಾಠ ಕಲಿತಿದ್ದೆ. ಕಲಿತದ್ದು ಎಷ್ಟು ಗಟ್ಟಿಯಾಗಿತ್ತೆಂದರೆ ಉಮ್ಮನ ಹೆಸರು ನಾಲಿಗೆಗೇ ಬರುತ್ತಿರಲಿಲ್ಲ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ!

ಮರುವಾರ ಹಾಯಿಲಿಗೆ ಮಳೆ ಬಂತು. ಅಲ್ಲಿ ಮಳೆ ಬಂದರೆ ಜನ ಅಂಗಡಿ ಮುಚ್ಚಿ ನೋಡಲು ಹೋಗುತ್ತಾರೆ. ಕಪ್ಪು ಗುಡ್ಡಗಳು ತೊಳೆದಿಟ್ಟ ಬಾಣಲೆಯ ಹಾಗೆ ಹೊಳೆಯುತ್ತಿದ್ದವು. ಅಬೂ ಫಹದರ ತೋಟದ ಹಾದಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು, ನನ್ನ ಪಿಕಪ್ ಎರಡು ಸಲ ಹೂತುಹೋಯಿತು. ಅವರು ಮಜ್ಲಿಸಿನಲ್ಲಿ, ಬಂದವರನ್ನು ಕೂರಿಸುವ ಕೋಣೆಯಲ್ಲಿ, ಒಬ್ಬರೇ ಬೆಂಕಿಯ ಮುಂದೆ ಚಳಿ ಕಾಯಿಸುತ್ತಾ ಕೂತಿದ್ದರು. ಖರ್ಜೂರ ಮುಂದಿಟ್ಟರು. ಪಂಪಿನ ಕತೆ, ಮಳೆಯ ಕತೆ ಎಲ್ಲ ಮುಗಿಯಿತು.

"ಅಬೂ ಫಹದ್, ಕ್ಷಮಿಸಬೇಕು. ನಿಮ್ಮ ಮುಂದೆ ಹೇಳಬಾರದ ಒಂದು ಮಾತು ಹೇಳ್ತೇನೆ" ಎಂದೆ. ಅವರು ತಲೆಯೆತ್ತಿದರು. "ನನ್ನ ಉಮ್ಮನ ಹೆಸರು ನಫೀಸಾ."

ಅವರು ಕೈಯಲ್ಲಿದ್ದ ಗಾಹ್ವದ ಸಣ್ಣ ಪಿಂಗಾಣಿ ಕಪ್ಪನ್ನು ನೆಲಕ್ಕಿಟ್ಟರು. "ಇನ್ನೊಮ್ಮೆ ಹೇಳು" ಎಂದರು.

"ನಫೀಸಾ."

"ಲಾ ಇಲಾಹ ಇಲ್ಲಲ್ಲಾಹ್" ಎಂದವರೇ ಎದ್ದು ನನ್ನ ಹಣೆಗೆ ಮುತ್ತಿಟ್ಟರು. "ಮಗಾ, ಅವತ್ತು ನೀನು ಹಸನ್ ಎಂದಾಗಲೇ ಈ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಸತ್ತವನ ಮನೆಯ ಹೆಣ್ಣುಮಗಳ ಹೆಸರನ್ನು ಒಬ್ಬ ಅಪರಿಚಿತನಿಗೆ ನಾನು ಹೇಗೆ ಹೇಳಲಿ?"

ಆಮೇಲೆ ಅವರು ಎಲ್ಲ ಹೇಳಿದರು. ಆಗ ಅವರು ಹದಿಹರೆಯ ದಾಟಿದ ತರುಣ, ಹಸನನ ಜೊತೆ ಕಲ್ಲು ಎಳೆಯುತ್ತಿದ್ದವರು. ದಿನಾ ಸಂಜೆ ಬಾವಿಯಿಂದ ತಲೆ ಹೊರಗೆ ಬಂದದ್ದೇ ಹಸನ್ ಬೆಟ್ಟಕ್ಕೆ ಕೇಳುವಂತೆ "ನಫೀಸಾ!" ಎಂದು ಕೂಗುತ್ತಿದ್ದ. ಮೊದಲು ಇವರೆಲ್ಲ ನಾಚಿ ಸತ್ತರು. ಯಾರಿವಳು ಎಂದು ಕೇಳಿದಾಗ, "ನನ್ನ ಮಗಳು, ನಾನು ಮೇಲೆ ಬಂದೆ ಅಂತ ಅವಳಿಗೆ ಹೇಳ್ಬೇಕಲ್ಲ" ಎಂದನಂತೆ. ನಕ್ಕರು. ನಕ್ಕೂ ನಕ್ಕೂ ರೂಢಿಯಾಯಿತು. ಆ ಬಾವಿಗೆ ಇಳಿದವರೆಲ್ಲ ಮೇಲೆ ಬಂದಾಗ ಹಾಗೆ ಕೂಗತೊಡಗಿದರು. ಬಾವಿಯ ಹೆಸರೇ ನಫೀಸಾ ಎಂದಾಯಿತು. "ನಮ್ಮ ಹೆಂಗಸರ ಹೆಸರನ್ನು ನಾವು ಹೇಳುವುದಿಲ್ಲ, ಆದರೆ ಎಲ್ಲಿಯದೋ ಹಿಂದಿಯ ಮಗಳ ಹೆಸರನ್ನು ಈ ಹಳ್ಳಿಯ ಗಂಡಸರೆಲ್ಲ ಕೂಗಿದ್ದೇವೆ" ಎಂದು ಅಬೂ ಫಹದ್ ನಗುತ್ತಾ ಕಣ್ಣೊರಸಿಕೊಂಡರು.

ನೀರು ಬಂದಿತ್ತು. ಹಜ್ಜಿಗೆ ಹೋಗುವವರ ಜೊತೆ ಮಕ್ಕಾಕ್ಕೆ, ಅಲ್ಲಿಂದ ಬಂದರಿಗೆ ಹೋಗಿ ಹಡಗು ಹತ್ತುವುದೆಂದು ಹಸನ್ ಗಂಟು ಕಟ್ಟಿಟ್ಟಿದ್ದ. ತಳದ ಕೆಸರು ತೆಗೆಯುವ ಕೊನೆಯ ಕೆಲಸ ಇತ್ತು. ಮೇಲಿನಿಂದ ಒಂದು ಕಲ್ಲು ಜಾರಿತು. ಆ ಸಂಜೆ ಕೂಗು ಬರಲಿಲ್ಲ. ಅಬೂ ಫಹದರ ತಂದೆಯೇ ಇಳಿದು ಅವನನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೆ ತಂದರಂತೆ. ಆ ಬಾವಿಯ ನೀರನ್ನು ಮೊದಲು ಬಳಸಿದ್ದು ಹಸನನ ಕೊನೆಯ ಸ್ನಾನಕ್ಕೆ, ಮಯ್ಯತ್ ಸ್ನಾನಕ್ಕೆ. ಇಡೀ ಹಳ್ಳಿ ನಮಾಜಿಗೆ ನಿಂತಿತು. ಮುಂದೆ ಹಲವು ವರ್ಷ ಹಜ್ಜಿಗೆ ಹೋದವರ ಕೈಯಲ್ಲಿ ಸುದ್ದಿ ಕಳುಹಿಸಿದರು. ಆದರೆ ಹಿಂದ್ ಎಂದರೆ ಎಲ್ಲಿ ಎಂದು ಹುಡುಕುವುದು?

ಪಿಕಪ್ಪಿನಲ್ಲಿ ಕೂತು ಉಮ್ಮನಿಗೆ ಫೋನ್ ಮಾಡಿದೆ. ನನಗೆ ಅಳು ಬಂದು ಮಾತು ಮುಂದೆ ಹೋಗುತ್ತಿರಲಿಲ್ಲ. ಉಮ್ಮ ಅಳಲಿಲ್ಲ. ಒಂದೊಂದೇ ಕೇಳಿದರು. ಸ್ನಾನ ಮಾಡಿಸಿದ್ದು ಯಾರು, ಕಫನ್ ಬಟ್ಟೆ ಇತ್ತಾ, ನಮಾಜಿಗೆ ಜನ ಇದ್ದರಾ. ಎಲ್ಲಕ್ಕೂ ಉತ್ತರ ಕೇಳಿ, "ಹಾಗಾದರೆ ಬೇರೆ ಮದುವೆ?" ಎಂದರು.

"ಇಲ್ಲ ಉಮ್ಮಾ. ಮನೆಗೆ ಬರಲು ಗಂಟು ಕಟ್ಟಿಟ್ಟಿದ್ದರಂತೆ."

ಆ ಕಡೆಯಿಂದ ಒಂದು ದೊಡ್ಡ ಉಸಿರು ಕೇಳಿತು. ಬಾವಿಯಿಂದ ತುಂಬಿದ ಕೊಡ ಎಳೆದು ಕಟ್ಟೆಯ ಮೇಲಿಟ್ಟಾಗ ಬರುವಂಥ ಉಸಿರು. "ಅಲ್ ಹಮ್ದುಲಿಲ್ಲಾಹ್" ಎಂದರು ಉಮ್ಮ. "ನನ್ನ ಉಮ್ಮನಿಗೆ ಇದನ್ನು ಹೇಳುವವರಿಲ್ಲದೆ ಹೋಯಿತಲ್ಲ ಮೋನೇ. ಈ ಶುಕ್ರವಾರ ಉಪ್ಪನ ಹೆಸರಿನಲ್ಲಿ ಯಾಸೀನ್ ಓದಿಸ್ತೇನೆ. ಬಿರಿಯಾನಿಯನ್ನೂ ಮಾಡಿಸ್ತೇನೆ. ಆ ಜಗಲಿ ಕಟ್ಟೆಯವರ ಮಕ್ಕಳು ಮರಿಗಳೆಲ್ಲ ಬಂದು ತಿಂದು ಹೋಗಲಿ." ಎಂತ ಖುಷಿ, ಎಂತ ಹಠ! ನಾನು ಅಳುತ್ತಲೇ ನಕ್ಕೆ.

ಆ ಶುಕ್ರವಾರ ನಾನು ಮತ್ತೆ ಅಲ್ಲಿಗೆ ಹೋದೆ. ಕಬರಸ್ತಾನದಲ್ಲಿ ಅಬೂ ಫಹದ್ ಕೋಲು ಚಾಚಿ ಒಂದು ಸಾಲನ್ನು ತೋರಿಸಿದರು. ಈ ಸಾಲಿನಲ್ಲಿ, ಯಾವುದೆಂದು ಈಗ ಹೇಳಲಾರೆ ಎಂದರು. ನಾನು ಇಡೀ ಸಾಲಿಗೆ ಸಲಾಂ ಹೇಳಿದೆ. ಇಯಾನ್ ಬ್ರಷ್ ತಂದಿರಲಿಲ್ಲ, ಗೋಡೆಯ ಹೊರಗೆ ಟೋಪಿ ತೆಗೆದು ನಿಂತಿದ್ದ.

ಬಾವಿಯ ಹತ್ತಿರ ಬಂದಾಗ ಉಮ್ಮನಿಗೆ ಫೋನ್ ಹಚ್ಚಿದೆ. ಮನೆಯಲ್ಲಿ ಯಾಸೀನ್ ಅಧ್ಯಾಯದ ಓದು ಮುಗಿದು, ಜನ ಉಂಡು ಹೋಗಿದ್ದರು.

"ಬಾವಿಯ ಹತ್ತಿರ ಇದ್ದೀಯಾ? ಒಮ್ಮೆ ಕೂಗು" ಎಂದರು ಉಮ್ಮ.

"ಉಮ್ಮಾ, ನಿಮ್ಮ ಹೆಸರನ್ನಾ? ಇಲ್ಲಿ ಇವರ ಎದುರು?"

"ನನ್ನ ಉಪ್ಪ ಕೂಗಿದ್ದಾರೆ. ನಿನಗೆ ಎಂತ ನಾಚಿಕೆ?"

ನಾನು ಫೋನನ್ನು ಬಾವಿಯ ಮೇಲೆ ಹಿಡಿದೆ. ಕೂಗಲು ಬಾಯಿ ಬರದೆ, ಉಮ್ಮ ಕೇಳಿದ್ದನ್ನು ಅಬೂ ಫಹದರಿಗೆ ಅರಬಿಯಲ್ಲಿ ಹೇಳಿದೆ. ಆಗ ಅಬೂ ಫಹದ್ ಕೋಲನ್ನು ಕಟ್ಟೆಗೆ ಒರಗಿಸಿ ಬಾಗಿದರು. ಮನೆಯ ಹೆಂಗಸರ ಹೆಸರನ್ನು ಎಂದೂ ಹೊರಗೆ ಹೇಳದ ಆ ಮುದುಕ, ಎರಡೂ ಕೈ ಬಾಯಿಗೆ ಹಿಡಿದು, "ನಫೀಸಾ!" ಎಂದು ಕೂಗಿದರು. ಬಾವಿ ಅದನ್ನು ತಿರುಗಿಸಿ ಹೇಳಿತು.

ಫೋನಿನ ಒಳಗಿನಿಂದ, ಚೆಂಬು ಹಿಡಿದು ಓಡುವ ಹುಡುಗಿಯ ಸ್ವರದಲ್ಲಿ, ಅರುವತ್ತು ದಾಟಿದ ನನ್ನ ಉಮ್ಮ ಓಗೊಟ್ಟರು.

"ಓ ಉಪ್ಪಾ, ಬಂದೇ!"